ಮಲೆನಾಡಿನ ಹಳೆಯ ಕಾರು: ಮೊದಲು ತಳ ನೋಡಿ, ಬಳಿಕ ಆರ್‌ಸಿ ನೋಡಿ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಒಳಹಳ್ಳಿಗಳಲ್ಲಿ ಕಾರು ಪ್ರತಿಷ್ಠೆಗಿಂತ ಹೆಚ್ಚಾಗಿ ಅನಿವಾರ್ಯತೆಯ ವಸ್ತು. ಹೊಸನಗರಕ್ಕೂ ತೀರ್ಥಹಳ್ಳಿಗೂ ರೈಲಿಲ್ಲ. ಸಂಜೆಯ ಕೊನೆಯ ಬಸ್ಸು ಹೋದ ಮೇಲೆ ತೋಟದ ಮನೆಯಿಂದ ಆಸ್ಪತ್ರೆಗೆ ಹೋಗಬೇಕಾದರೆ ಅಂಗಳದಲ್ಲಿರುವ ವಾಹನವೇ ಗತಿ. 2014ರ ಜನವರಿಯಲ್ಲಿ ತಯಾರಿಕೆ ನಿಂತ ಮಾರುತಿ 800, ಅದೇ ವರ್ಷದ ಮೇ ತಿಂಗಳಲ್ಲಿ ನಿಂತ ಅಂಬಾಸಿಡರ್, ಇವೆರಡಕ್ಕಿಂತಲೂ ಹಳೆಯ ಜೀಪುಗಳನ್ನು ಇಲ್ಲಿನ ಜನ ಇನ್ನೂ ಬಿಡದಿರುವುದಕ್ಕೆ ಇದೇ ಕಾರಣ. ಬೆಂಗಳೂರಿನಲ್ಲಿ ನೆಲೆಸಿದ ಮಕ್ಕಳು ಮಾರಿಬಿಡಿ ಎನ್ನುತ್ತಾರೆ, ಊರಿನಲ್ಲಿರುವ ಹಿರಿಯರು ಇನ್ನೊಂದು ಮಳೆಗಾಲ ಕಳೆಯಲಿ ಎನ್ನುತ್ತಾರೆ.

ಈ ಮಾತು ಇತ್ಯರ್ಥವಾಗಬೇಕಾದರೆ ಕಾರಿನ ವಯಸ್ಸಿಗಿಂತ ಮೊದಲು ಅದರ ತಳವನ್ನು ನೋಡಬೇಕು. ಆಗುಂಬೆಯ ವಾರ್ಷಿಕ ಸರಾಸರಿ ಮಳೆ 7 ಸಾವಿರ ಮಿಲಿಮೀಟರ್ ಮೀರುತ್ತದೆ. ಹೊಸನಗರ ತಾಲ್ಲೂಕಿನ ಹುಲಿಕಲ್ ಸುತ್ತಮುತ್ತಲೂ ಮಳೆಗೆ ಬಿಡುವಿಲ್ಲ. ಒಣ ಸೀಮೆಯಲ್ಲಿ ಎಂಜಿನ್ ಸವೆದು ಕಾರು ಮುದಿಯಾದರೆ ಇಲ್ಲಿ ತುಕ್ಕು ಹಿಡಿದು ಮುದಿಯಾಗುತ್ತದೆ. ಜೀಪಿಗೆ ಪ್ರತ್ಯೇಕ ಚಾಸಿಸ್ ಇರುವುದರಿಂದ ಮೇಲಿನ ತಗಡು ತೂತಾದರೂ ಬದಲಿಸಬಹುದು. ಮಾರುತಿ 800ರಂತಹ ಕಾರುಗಳಲ್ಲಿ ತಳ, ಪಕ್ಕೆ, ಛಾವಣಿ ಕೂಡಿಯೇ ಒಂದು ಚೌಕಟ್ಟು. ಅಲ್ಲಿ ತಳ ಹೋಯಿತೆಂದರೆ ಹೋದದ್ದು ಕಾರಿನ ಬೆನ್ನೆಲುಬು. ಪುಟ್ಟಿ ಮೆತ್ತಿ ಹೊಸ ಬಣ್ಣ ಹೊಡೆಸುವುದನ್ನು ದುರಸ್ತಿ ಎಂದು ಕರೆಯುವುದೇ ತಪ್ಪು.

ಆದ್ದರಿಂದ ಮಳೆಗಾಲಕ್ಕೆ ಮುಂಚೆ, ಏಪ್ರಿಲ್ ಅಥವಾ ಮೇ ತಿಂಗಳಲ್ಲಿ, ಕಾಲಡಿಯ ಮ್ಯಾಟ್ ಎತ್ತಿ ತಳವನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡುವುದು ಲೇಸು. ಬಾಗಿಲ ಕೆಳಗಿನ ಪಟ್ಟಿ, ಸಸ್ಪೆನ್ಷನ್ ಕೂರುವ ಜಾಗ, ಚಾಸಿಸ್ ಸಂಖ್ಯೆ ಕೆತ್ತಿದ ಜಾಗ ಈ ಮೂರೂ ಗಟ್ಟಿಯಾಗಿದ್ದರೆ ಉಳಿದ ದುರಸ್ತಿಗೆ ಹಣ ಹಾಕಬಹುದು. ಚಾಸಿಸ್ ಸಂಖ್ಯೆಯನ್ನು ತುಕ್ಕು ತಿಂದಿದ್ದರೆ ನೋಂದಣಿ ನವೀಕರಣದ ತಪಾಸಣೆಯಲ್ಲಿಯೇ ತೊಡಕು ಆರಂಭವಾಗುತ್ತದೆ.

ಬ್ರೇಕಿನ ವಿಷಯದಲ್ಲಂತೂ ರಿಯಾಯಿತಿ ಸಲ್ಲದು. ಬ್ರೇಕ್ ಆಯಿಲ್ ಗಾಳಿಯ ತೇವಾಂಶವನ್ನು ಹೀರಿಕೊಳ್ಳುತ್ತದೆ, ತೇವ ಹೆಚ್ಚಿದಂತೆ ಅದರ ಕುದಿಯುವ ಬಿಂದು ಇಳಿಯುತ್ತದೆ. ಊರೊಳಗೆ ಓಡಾಡುವಾಗ ಇದು ತಿಳಿಯುವುದಿಲ್ಲ. ಮಣಿಪಾಲದ ಆಸ್ಪತ್ರೆಗೆಂದು ಆಗುಂಬೆ ಘಾಟಿಯನ್ನೋ, ಕುಂದಾಪುರದ ಕಡೆಗೆಂದು ಬಾಳೆಬರೆ ಘಾಟಿಯನ್ನೋ ಇಳಿಯುವಾಗ ಪೆಡಲ್ ಮೆತ್ತಗಾಗಿ ಒಳಗೆ ಹೋದಾಗ ತಿಳಿಯುತ್ತದೆ. ಟಾರ್ಪಾಲಿನ್ ಹೊದಿಸಿ ನಾಲ್ಕು ತಿಂಗಳು ಮೂಲೆಯಲ್ಲಿ ನಿಲ್ಲಿಸಿದ ಕಾರಿನ ಬ್ರೇಕು ಕಚ್ಚಿಕೊಳ್ಳುವುದೂ ಉಂಟು. ಇಲಿ ಕಡಿದ ವೈರುಗಳ ಕಥೆಯಂತೂ ಮನೆಮನೆಯದು.

ಇನ್ನು ಕಾಗದಪತ್ರಗಳ ಮಾತು. ಹಳೆಯ ವಾಹನಗಳನ್ನೆಲ್ಲ ಗುಜರಿಗೆ ಹಾಕಲೇಬೇಕು ಎಂಬ ವದಂತಿಗೆ ದೆಹಲಿಯ ಕ್ರಮಗಳೇ ಮೂಲ. ಕರ್ನಾಟಕದಲ್ಲಿ 15 ವರ್ಷ ತುಂಬಿದ ಖಾಸಗಿ ಕಾರಿನ ನೋಂದಣಿಯನ್ನು ತಪಾಸಣೆಗೆ ಒಳಪಡಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. ಶುಲ್ಕ ಮಾತ್ರ ಹಿಂದಿನಂತಿಲ್ಲ. 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತು. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 20 ವರ್ಷ ದಾಟಿದ ಕಾರಿಗೆ 10,000 ರೂಪಾಯಿ ನಿಗದಿಪಡಿಸಿತು. ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 2 ಸಾವಿರ. ಹಸಿರು ತೆರಿಗೆ, ವಿಮೆ ಬೇರೆ. ಆಸ್ಪತ್ರೆಗೂ ಅಡಿಕೆ ಮಂಡಿಗೂ ವರ್ಷವಿಡೀ ಓಡುವ ಗಟ್ಟಿ ಕಾರಿಗೆ ಇದು ದುಬಾರಿಯಲ್ಲ. ಹಬ್ಬಕ್ಕೊಮ್ಮೆ ಚಾಲೂ ಮಾಡುವ ಕಾರಿಗೆ ದುಬಾರಿಯೇ.

ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಬೆರೆಸುವ ಪದ್ಧತಿ 2025ರಲ್ಲಿ ದೇಶದೆಲ್ಲೆಡೆ ಬಂದಿದೆ. ಹಳೆಯ ವಾಹನಗಳ ಕೆಲವು ರಬ್ಬರ್ ಭಾಗಗಳನ್ನು 20ರಿಂದ 30 ಸಾವಿರ ಕಿ.ಮೀ. ಓಟದ ನಂತರ ಬದಲಿಸಬೇಕಾಗಬಹುದೆಂದು ಪೆಟ್ರೋಲಿಯಂ ಸಚಿವಾಲಯವೇ ಹೇಳಿದೆ. ಕಾರ್ಬ್ಯುರೇಟರ್ ಇರುವ ಕಾರಿನ ಪೆಟ್ರೋಲ್ ಪೈಪುಗಳನ್ನು ಪರೀಕ್ಷಿಸಿ ಬದಲಿಸುವುದು ಅಲ್ಪ ಖರ್ಚಿನ ಕೆಲಸ, ಮುಂದೂಡಬಾರದು.

ಪೂರ್ಣ ಪುನರುಜ್ಜೀವನಕ್ಕೆ ತಕ್ಕ ವಾಹನವೆಂದರೆ ಜೀಪೇ. ಆದರೆ ಮಲೆನಾಡಿನ ಜೀಪುಗಳಿಗೆ ಬೇರೆ ಎಂಜಿನ್ ಕೂರಿಸುವ ರೂಢಿ ಹಳೆಯದು. ಎಂಜಿನ್ ಬದಲಾದರೆ 14 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕೆಂಬುದು ಮೋಟಾರು ವಾಹನ ಕಾಯ್ದೆಯ ನಿಯಮ. ಆರ್‌ಸಿಯಲ್ಲಿ ಒಂದು ಎಂಜಿನ್, ಬಾನೆಟ್ ಕೆಳಗೆ ಇನ್ನೊಂದು ಇದ್ದರೆ ಲಕ್ಷಗಟ್ಟಲೆ ಸುರಿದ ಹಣ ವ್ಯರ್ಥ. 50 ವರ್ಷ ಮೀರಿ ಮೂಲ ರೂಪದಲ್ಲಿಯೇ ಇರುವ ವಾಹನಗಳಿಗೆ 2021ರಿಂದ ವಿಂಟೇಜ್ ನೋಂದಣಿಯ ಅವಕಾಶವಿದೆ. ಅಂತಹ ವಾಹನವನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲವಾದ್ದರಿಂದ ತೋಟದ ಕೆಲಸದ ಜೀಪಿಗೆ ಅದು ಹೇಳಿಸಿದ್ದಲ್ಲ.

ಮಾರಾಟವೇ ಸುಲಭದ ದಾರಿಯೆಂದು ತಿಳಿಯುವವರು ಹೆಚ್ಚು. ಮಲೆನಾಡಿನಲ್ಲಿ ಹೆಚ್ಚು ಅಪಾಯ ಅಡಗಿರುವುದು ಅಲ್ಲಿಯೇ. ಪರಿಚಯದವರಿಗೆ ಬಾಯಿಮಾತಿನ ಮೇಲೆ ಕೀಲಿಕೈ ಕೊಟ್ಟು, ಆರ್‌ಸಿ ಬದಲಾವಣೆಯನ್ನು ಕೊಂಡವರಿಗೆ ಬಿಟ್ಟುಬಿಡುವುದು ವಾಡಿಕೆ. ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ಪ್ರಕರಣದಲ್ಲಿ ಕಾರು ಹಲವು ಕೈ ಬದಲಾಗಿತ್ತು, ದಾಖಲೆಯಲ್ಲಿ ಮಾತ್ರ ಮೊದಲ ಮಾಲೀಕನ ಹೆಸರೇ ಇತ್ತು. ಅಪಘಾತದ ಪರಿಹಾರಕ್ಕೆ ದಾಖಲೆಯಲ್ಲಿರುವವನೇ ಹೊಣೆಯೆಂದು ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲಿ ತೀರ್ಪಿತ್ತಿತು. ವಿಮೆಯಿಲ್ಲದ ಹಳೆಯ ಕಾರು ಯಾರದೋ ಕೈಯಲ್ಲಿ ಯಾರಿಗೋ ಡಿಕ್ಕಿ ಹೊಡೆದರೆ, ವರ್ಷಗಳ ಹಿಂದೆ 30 ಸಾವಿರಕ್ಕೆ ಮಾರಿದವರ ತೋಟದ ಮೇಲೆ ಹೊರೆ ಬೀಳಬಹುದು. ರಾಜ್ಯದೊಳಗಿನ ಮಾರಾಟವನ್ನು ಮಾರಿದವರು ನಮೂನೆ 29ರಲ್ಲಿ 14 ದಿನಗಳೊಳಗೆ, ಕೊಂಡವರು ನಮೂನೆ 30ರಲ್ಲಿ 30 ದಿನಗಳೊಳಗೆ ತಿಳಿಸಬೇಕು. ಹೆಸರು ಬದಲಾದ ಆರ್‌ಸಿಯ ಪ್ರತಿಯನ್ನು ಮಾರಿದವರೂ ಇಟ್ಟುಕೊಳ್ಳುವುದು ಕ್ಷೇಮ.

ಗುಜರಿಗೆ ಹಾಕುವವರಿಗೂ ಇದೇ ಎಚ್ಚರ ಬೇಕು. ಊರಿನ ಗುಜರಿ ಅಂಗಡಿಗೆ ತೂಕದ ಲೆಕ್ಕದಲ್ಲಿ ಕೊಟ್ಟ ಮಾತ್ರಕ್ಕೆ ನೋಂದಣಿ ರದ್ದಾಗುವುದಿಲ್ಲ. ಸರ್ಕಾರದ ಮಾನ್ಯತೆ ಪಡೆದ ಗುಜರಿ ಕೇಂದ್ರಕ್ಕೆ ಒಪ್ಪಿಸಿದರೆ ಠೇವಣಿ ಪ್ರಮಾಣಪತ್ರ ದೊರೆಯುತ್ತದೆ. ಹೊಸ ವಾಹನ ಕೊಳ್ಳುವಾಗ ಅದನ್ನು ತೋರಿಸಿದರೆ ನೋಂದಣಿ ಶುಲ್ಕದಿಂದ ವಿನಾಯಿತಿಯಿದೆ.