ಕೆಂಡಕ್ಕೂ ಮೊದಲು, ಪ್ಯಾಕೆಟ್ಟಿನೊಳಗೆ

ಜುಲೈ 4, ಅಮೆರಿಕದ ಸ್ವಾತಂತ್ರ್ಯ ದಿನ. ಅಲ್ಲಿನ ಹಿತ್ತಲುಗಳಲ್ಲಿ ಅಂದು ಗ್ರಿಲ್ ಹೊತ್ತಿಸಿ ಹಾಟ್ ಡಾಗ್ ಸುಡುವುದು ವಾಡಿಕೆ. ಕಾವಿಗೆ ಸಾಸೇಜಿನ ಮೈ ಬಿರಿದು ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕುತ್ತದೆ, ಚುರ್ರೆಂದು ಹೊಗೆ ಏಳುತ್ತದೆ. ನಾಲಿಗೆಗೆ ಹಿತವೆನಿಸುವ ಆ ಹೊಗೆಯಲ್ಲೇ ಬೆಂಜೊಪೈರೀನ್‌ನಂಥ ಕ್ಯಾನ್ಸರ್‌ಕಾರಕಗಳು ಮಾಂಸಕ್ಕೆ ಅಂಟಿಕೊಳ್ಳುತ್ತವೆ. ಹಾಗಾಗಿ ಎಲ್ಲರ ದೂರು ಗ್ರಿಲ್ಲಿನ ಮೇಲೆಯೇ. ನನಗಂತೂ ಹೆಚ್ಚು ಕಳವಳ ಪ್ಯಾಕೆಟ್ಟಿನ ಬಗ್ಗೆ.

ದನದ ಮಾಂಸದ ಒಂದು ಸಾಸೇಜ್ ಸುಮಾರು 45 ಗ್ರಾಂ ತೂಗುತ್ತದೆ. ಅದರ 150ರಷ್ಟು ಕ್ಯಾಲೊರಿಯಲ್ಲಿ ಮುಕ್ಕಾಲು ಪಾಲಿಗೂ ಮಿಗಿಲಾಗಿ ಬರುವುದು ಕೊಬ್ಬಿನಿಂದ. ಮಾಂಸವೆಂದು ತಿಂದರೂ ಸಿಗುವ ಪ್ರೋಟೀನ್ ಸುಮಾರು 5 ಗ್ರಾಂ, ಒಂದು ಮೊಟ್ಟೆಯಲ್ಲಿ ಇರುವುದಕ್ಕಿಂತ ತುಸು ಕಡಿಮೆ. ಸೋಡಿಯಂ ಮಾತ್ರ 450 ಮಿಲಿಗ್ರಾಂ ಆಸುಪಾಸು. ಬನ್ನು, ಕೆಚಪ್, ಸಾಸಿವೆ ಸಾಸ್ ಸೇರಿಸಿ ಎರಡು ತಿಂದರೆ, ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಹೇಳುವ 2000 ಮಿಲಿಗ್ರಾಂ ಮಿತಿಯ ಬಹುಪಾಲು ಅಲ್ಲೇ ಮುಗಿದುಹೋಗುತ್ತದೆ.

ಇನ್ನು ನೈಟ್ರೈಟ್. ಬಾಟುಲಿಸಂ ತರುವ ಬ್ಯಾಕ್ಟೀರಿಯಾವನ್ನು ತಡೆಯುವುದು, ಮಾಂಸದ ಗುಲಾಬಿ ಬಣ್ಣವನ್ನು ಉಳಿಸುವುದು ಅದರ ಕೆಲಸ. ಆದರೆ ಬಿಸಿಯಲ್ಲೂ ನಮ್ಮ ಹೊಟ್ಟೆಯಲ್ಲೂ ಅದು ಪ್ರೋಟೀನಿನ ಅಂಶಗಳೊಂದಿಗೆ ಕೂಡಿ ನೈಟ್ರೊಸೊ ಸಂಯುಕ್ತಗಳಾಗಬಲ್ಲದು. ‘ನೈಟ್ರೈಟ್ ಸೇರಿಸಿಲ್ಲ’ ಎಂಬ ಲೇಬಲ್ ನೋಡಿ ನೆಮ್ಮದಿಪಡುವಂತಿಲ್ಲ. ಅಂಥವುಗಳಲ್ಲಿ ಹಲವಕ್ಕೆ ಸೆಲೆರಿ ಪುಡಿ ಬೆರೆಸಿರುತ್ತಾರೆ, ಅದರಿಂದ ಸಿಗುವುದೂ ನೈಟ್ರೈಟೇ.

2015ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸಂಸ್ಕರಿತ ಮಾಂಸವನ್ನು ತಂಬಾಕು ಇರುವ ಒಂದನೇ ಗುಂಪಿಗೆ ಸೇರಿಸಿತು. ಎರಡರ ಅಪಾಯವೂ ಸಮ ಎಂದು ಅದರ ಅರ್ಥವಲ್ಲ. ಕ್ಯಾನ್ಸರ್ ತರುತ್ತದೆ ಎಂಬುದಕ್ಕೆ ಪುರಾವೆ ಎರಡರಲ್ಲೂ ಗಟ್ಟಿ, ಅಷ್ಟೇ. ದಿನವೂ 50 ಗ್ರಾಂ ತಿಂದರೆ, ಅಂದರೆ ಹೆಚ್ಚುಕಡಿಮೆ ಒಂದು ಸಾಸೇಜ್, ದೊಡ್ಡ ಕರುಳಿನ ಕ್ಯಾನ್ಸರ್ ಸಾಧ್ಯತೆ ಶೇ. 18ರಷ್ಟು ಏರುತ್ತದೆ. ಅಮೆರಿಕದಲ್ಲಿ ಜೀವಮಾನದಲ್ಲಿ ನೂರಕ್ಕೆ ಸುಮಾರು ನಾಲ್ವರಿಗೆ ಈ ಕಾಯಿಲೆ ಬರುತ್ತದೆ. ಆ ನಾಲ್ಕು ಐದರ ಹತ್ತಿರ ಬಂದೀತು. ವರ್ಷಕ್ಕೊಮ್ಮೆ ಹಬ್ಬದಲ್ಲಿ ತಿನ್ನುವವರು ಹೆದರಬೇಕಿಲ್ಲ. ಮಕ್ಕಳ ಊಟದ ಡಬ್ಬಿಗೆ ದಿನಾ ಹಾಕುವವರು ಯೋಚಿಸಲೇಬೇಕು.

ಅಲ್ಲಿರುವ ಸಸ್ಯಾಹಾರಿ ಕನ್ನಡಿಗರು ಸೋಯಾ ಸಾಸೇಜ್ ಕೊಳ್ಳುವಾಗಲೂ ಸೋಡಿಯಂ ಅಂಕಿಯನ್ನು ಓದಬೇಕು. ಕೊಬ್ಬು ಕಡಿಮೆಯಿದ್ದರೂ ಉಪ್ಪು ಕಡಿಮೆಯಿರುತ್ತದೆ ಎನ್ನುವಂತಿಲ್ಲ.

ಸುಡುವಾಗ ಉರಿ ತಗ್ಗಿಸಿ ಆಗಾಗ ಹೊರಳಿಸಿದರೆ ಕರಕಲಾಗದು. ಬಸುರಿಯರಿಗೆ, ವಯಸ್ಸಾದವರಿಗೆ ಕೊಡುವುದಾದರೆ ಒಳಗಿನವರೆಗೂ 74 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಲೇಬೇಕು, ಲಿಸ್ಟೀರಿಯಾ ಸಾಯುವುದಕ್ಕೆ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಉರುಟು ಬಿಲ್ಲೆಗಳಾಗಿ ಕತ್ತರಿಸಿ ಕೊಡಬೇಡಿ, ಗಂಟಲಲ್ಲಿ ಬಿರಡೆಯಂತೆ ಸಿಕ್ಕಿಕೊಳ್ಳುತ್ತವೆ. ಮೊದಲು ಉದ್ದಕ್ಕೆ ಸೀಳಿ, ಆಮೇಲೆ ಸಣ್ಣಗೆ ಹೆಚ್ಚಿ.