ಟೋಟಲ್ ಬಾಂಡ್ ಫಂಡ್ ಎಂದರೆ ಎಫ್‌ಡಿ ಅಲ್ಲ: ನಿಮ್ಮ 401ಕೆಯ 'ಸೇಫ್' ಭಾಗದೊಳಗೆ ಏನಿದೆ?

ಇಲ್ಲಿನ ಕನ್ನಡಿಗರ ನಡುವೆ ಹಣದ ಮಾತು ಬಂದಾಗ ಷೇರುಗಳ ಬಗ್ಗೆ ಹತ್ತು ಪ್ರಶ್ನೆ ಏಳುತ್ತವೆ, ಬಾಂಡುಗಳ ಬಗ್ಗೆ ಒಂದೂ ಏಳುವುದಿಲ್ಲ. 401ಕೆಯಲ್ಲಿ ಟಾರ್ಗೆಟ್ ಡೇಟ್ ಫಂಡ್ ಇಟ್ಟುಕೊಂಡವರೆಲ್ಲರ ಹಣದಲ್ಲೂ ಬಾಂಡಿನ ಪಾಲು ಇದ್ದೇ ಇರುತ್ತದೆ. 'ಅದು ಸೇಫ್, ಎಫ್‌ಡಿ ಇದ್ದ ಹಾಗೆ' ಎಂದು ಹೆಚ್ಚಿನವರು ಅದನ್ನು ತೆರೆದು ನೋಡುವುದೂ ಇಲ್ಲ.

ನನ್ನ ಗೆಳೆಯರೊಬ್ಬರು ಇದೇ ನಂಬಿಕೆಯಿಂದ 2021ರ ಕೊನೆಯಲ್ಲಿ ಮಗಳ ಕಾಲೇಜು ಫೀಸಿಗೆಂದು ಕೂಡಿಟ್ಟ ಹಣವನ್ನು ಟೋಟಲ್ ಬಾಂಡ್ ಫಂಡಿಗೆ ಹಾಕಿದರು. ಎರಡು ವರ್ಷದಲ್ಲಿ ಆ ಹಣ ಬೇಕಿತ್ತು. 2022 ಮುಗಿಯುವಾಗ ಪ್ರತಿ 10,000 ಡಾಲರ್, ಬಂದ ಬಡ್ಡಿಯನ್ನೂ ಸೇರಿಸಿ, ಸುಮಾರು 8,700ಕ್ಕೆ ಇಳಿದಿತ್ತು. 'ಯಾವ ಕಂಪನಿಯೂ ಮುಳುಗಲಿಲ್ಲ, ಸರ್ಕಾರವೂ ಸಾಲ ತೀರಿಸುವುದಿಲ್ಲ ಅನ್ನಲಿಲ್ಲ. ಹಾಗಾದರೆ ನನ್ನ ದುಡ್ಡು ಎಲ್ಲಿ ಹೋಯಿತು ಮಾರಾಯ?' ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಉತ್ತರ ಆ ಫಂಡ್ ಹಿಂಬಾಲಿಸುವ ಇಂಡೆಕ್ಸಿನ ಒಳಗಿದೆ.

'ಆ್ಯಗ್' ಎಂಬ ದೊಡ್ಡ ಪಟ್ಟಿ

ಷೇರಿಗೆ ಎಸ್ ಅಂಡ್ ಪಿ 500 ಹೇಗೋ ಅಮೆರಿಕದ ಬಾಂಡುಗಳಿಗೆ ಬ್ಲೂಮ್‌ಬರ್ಗ್ ಯುಎಸ್ ಅಗ್ರಿಗೇಟ್ ಇಂಡೆಕ್ಸ್ ಹಾಗೆ. ಬಳಕೆಯ ಹೆಸರು 'ಆ್ಯಗ್'. 1986ರಲ್ಲಿ ಇದನ್ನು ಶುರು ಮಾಡಿದ್ದು ಲೀಮನ್ ಬ್ರದರ್ಸ್. ಲೆಕ್ಕವನ್ನು ಮಾತ್ರ 1976ರಿಂದ ಕಟ್ಟಿದರು. 2008ರಲ್ಲಿ ಲೀಮನ್ ಮುಳುಗಿದಾಗ ಇಂಡೆಕ್ಸ್ ಬಾರ್ಕ್ಲೇಸ್ ಕೈಗೆ ಬಂತು, 2016ರಲ್ಲಿ ಬ್ಲೂಮ್‌ಬರ್ಗ್ ಅದನ್ನು ಕೊಂಡುಕೊಂಡಿತು. ಪಟ್ಟಿ ಮಾಡಿದವರೇ ದಿವಾಳಿಯಾದರೂ ಪಟ್ಟಿ ಉಳಿಯಿತು.

ಇದರಲ್ಲಿ ಸೇರಲು ಬಾಂಡ್ ಡಾಲರಿನಲ್ಲಿರಬೇಕು, ಇನ್ವೆಸ್ಟ್‌ಮೆಂಟ್ ಗ್ರೇಡ್ ಇರಬೇಕು, ಅವಧಿ ಮುಗಿಯಲು ಕನಿಷ್ಠ ಒಂದು ವರ್ಷ ಬಾಕಿ ಇರಬೇಕು. ಟ್ರೆಷರಿ ಅಥವಾ ಕಂಪನಿ ಬಾಂಡ್ ಆದರೆ ಕನಿಷ್ಠ 30 ಕೋಟಿ ಡಾಲರಿನಷ್ಟು ಸಾಲ ಚಲಾವಣೆಯಲ್ಲಿರಬೇಕು. ಹೀಗೆ 13,000ಕ್ಕೂ ಹೆಚ್ಚು ಬಾಂಡುಗಳು ಪಟ್ಟಿಯಲ್ಲಿವೆ. ಹಣದುಬ್ಬರಕ್ಕೆ ಹೊಂದಿಕೊಳ್ಳುವ ಟಿಪ್ಸ್, ತೆರಿಗೆ ವಿನಾಯಿತಿಯ ಮುನಿಸಿಪಲ್ ಬಾಂಡ್, ಜಂಕ್ ಬಾಂಡ್, ಬಡ್ಡಿ ಬದಲಾಗುತ್ತಾ ಹೋಗುವ ಫ್ಲೋಟಿಂಗ್ ರೇಟ್ ಬಾಂಡ್ ಯಾವುವೂ ಇದರಲ್ಲಿಲ್ಲ. ಅಂದರೆ 'ಟೋಟಲ್' ಎಂಬ ಹೆಸರು ಪೂರ್ತಿ ನಿಜವಲ್ಲ.

ಹೆಚ್ಚು ಸಾಲ ಮಾಡಿದವರಿಗೆ ಹೆಚ್ಚು ಪಾಲು

ಷೇರು ಇಂಡೆಕ್ಸಿನಲ್ಲಿ ಮಾರುಕಟ್ಟೆ ಯಾರಿಗೆ ಹೆಚ್ಚು ಬೆಲೆ ಕಟ್ಟಿದೆಯೋ ಅವರ ಪಾಲು ದೊಡ್ಡದು. ಬಾಂಡ್ ಇಂಡೆಕ್ಸಿನಲ್ಲಿ ಯಾರು ಹೆಚ್ಚು ಸಾಲ ಎತ್ತಿದ್ದಾರೋ ಅವರ ಪಾಲು ದೊಡ್ಡದು. 'ಸಾಲ ಮಾಡಿಯಾದರೂ ತುಪ್ಪ ತಿನ್ನು' ಎಂದು ಹೊರಟವರಿಗೇ ಮೊದಲ ಪಂಕ್ತಿ!

ಕೇಳಲು ಇದು ವಿಚಿತ್ರ. ಆದರೆ ಇಲ್ಲಿ ಅತಿ ದೊಡ್ಡ ಸಾಲಗಾರ ಅಮೆರಿಕ ಸರ್ಕಾರ. 2008ರ ಬಿಕ್ಕಟ್ಟಿಗೆ ಮೊದಲು ಆ್ಯಗ್‌ನಲ್ಲಿ ಟ್ರೆಷರಿಗಳ ಪಾಲು ಕಾಲು ಭಾಗಕ್ಕಿಂತ ಕಡಿಮೆ ಇತ್ತು. ಈಗ ಶೇ. 40 ದಾಟಿದೆ. ಇದು ಯಾವ ಫಂಡ್ ಮ್ಯಾನೇಜರನ ನಿರ್ಧಾರವೂ ಅಲ್ಲ. ಸರ್ಕಾರ ಹೆಚ್ಚು ಸಾಲ ಮಾಡಿತು, ಪಟ್ಟಿ ಅದನ್ನು ದಾಖಲಿಸಿತು, ನಮ್ಮ 401ಕೆ ಹಿಂಬಾಲಿಸಿತು. ಸುಮಾರು ಕಾಲು ಭಾಗ ಕಂಪನಿಗಳ ಬಾಂಡ್, ಇನ್ನೊಂದು ಕಾಲು ಭಾಗ ಮನೆ ಸಾಲಗಳ ಬಾಂಡ್.

ನಿಮ್ಮ ಮನೆ ಸಾಲವೂ ಅದರಲ್ಲಿರಬಹುದು

ನೀವು ಮನೆ ಕೊಂಡಾಗ ಬ್ಯಾಂಕ್ ಸಾಲ ಕೊಟ್ಟು, ಅದನ್ನು ಫ್ಯಾನಿ ಮೇ ಅಥವಾ ಫ್ರೆಡ್ಡಿ ಮ್ಯಾಕ್‌ಗೆ ಮಾರಿರುವ ಸಾಧ್ಯತೆ ಬಹಳ. ಅವು ಅಂಥ ಸಾವಿರಾರು ಸಾಲಗಳನ್ನು ಒಟ್ಟುಗೂಡಿಸಿ ಬಾಂಡ್ ಮಾಡುತ್ತವೆ, ಅದು ಆ್ಯಗ್ ಸೇರುತ್ತದೆ. ಹಾಗಾಗಿ ತಿಂಗಳಿಗೊಮ್ಮೆ ನೀವು ಕಟ್ಟುವ ಕಂತಿನ ಒಂದು ಕಾಸು ಸುತ್ತಿ ಬಳಸಿ ನಿಮ್ಮದೇ ನಿವೃತ್ತಿ ಖಾತೆಗೆ ಬರುತ್ತಿರಬಹುದು.

ಈ ಸಾಲಗಾರನಿಗೆ ಒಂದು ದೊಡ್ಡ ಅನುಕೂಲವಿದೆ: ಯಾವಾಗ ಬೇಕಾದರೂ ರಿಫೈನಾನ್ಸ್ ಮಾಡಬಹುದು. 2020–21ರಲ್ಲಿ ನಾವೆಲ್ಲ ಶೇ. 3ರ ಆಸುಪಾಸಿಗೆ ಸಾಲ ಬದಲಿಸಿಕೊಂಡೆವಲ್ಲ, ಆಗ ಹಳೆಯ ಸಾಲದ ಅಸಲು ಬಾಂಡ್ ಹಿಡಿದವರಿಗೆ ಒಮ್ಮೆಗೇ ವಾಪಸು ಬಂತು. ಅದನ್ನು ಅವರು ಕಡಿಮೆ ಬಡ್ಡಿಗೇ ಮತ್ತೆ ಹಾಕಬೇಕಾಯಿತು. ಆಮೇಲೆ ದರ ಏರಿದಾಗ ಆ ಶೇ. 3ರ ಸಾಲ ಬಿಟ್ಟುಕೊಡಲು ಯಾರೂ ಸಿದ್ಧರಿಲ್ಲ. ಆ ಕಡಿಮೆ ಬಡ್ಡಿಯ ಬಾಂಡುಗಳು ನಿರೀಕ್ಷೆಗಿಂತ ಹೆಚ್ಚು ಕಾಲ ಫಂಡಿನಲ್ಲೇ ಕುಳಿತಿವೆ. ಎರಡು ಸಲವೂ ಲಾಭ ಮನೆಯವರಿಗೆ, ನಷ್ಟ ಬಾಂಡ್ ಇಟ್ಟುಕೊಂಡವರಿಗೆ. ಈ ತೊಂದರೆಗೆ ಪ್ರತಿಯಾಗಿಯೇ ಇಂಥ ಬಾಂಡುಗಳು ಟ್ರೆಷರಿಗಿಂತ ತುಸು ಹೆಚ್ಚು ಬಡ್ಡಿ ಕೊಡುತ್ತವೆ.

ಎಂದಿಗೂ ಡಿಪೋ ಸೇರದ ಬಸ್ಸು

ಎಫ್‌ಡಿಗೂ ಬಾಂಡ್ ಫಂಡಿಗೂ ಇರುವ ನಿಜವಾದ ವ್ಯತ್ಯಾಸ ಇಲ್ಲಿದೆ. ಎಫ್‌ಡಿಗೆ ಮುದ್ದತು ಇದೆ. ಆ ದಿನ ಅಸಲು ಕೈಗೆ ಬರುತ್ತದೆ. ಒಂದೇ ಒಂದು ಬಾಂಡ್ ಕೊಂಡರೂ ಹಾಗೆಯೇ. ಆದರೆ ಒಂದು ವರ್ಷಕ್ಕಿಂತ ಕಡಿಮೆ ಬಾಕಿ ಉಳಿದ ಬಾಂಡನ್ನು ಆ್ಯಗ್ ಹೊರಗೆ ಹಾಕುತ್ತದೆ, ತಿಂಗಳಿಗೊಮ್ಮೆ ಹೊಸ ಬಾಂಡುಗಳನ್ನು ಒಳಗೆ ಸೇರಿಸಿಕೊಳ್ಳುತ್ತದೆ. ಹಳಬರು ಇಳಿಯುತ್ತಾರೆ, ಹೊಸಬರು ಹತ್ತುತ್ತಾರೆ, ಬಸ್ಸು ಮಾತ್ರ ಡಿಪೋ ಸೇರುವುದಿಲ್ಲ. ಇಂಥ ಫಂಡಿಗೆ ಮುದ್ದತೇ ಇಲ್ಲ.

ಹಾಗಾಗಿ ನೋಡಬೇಕಾದ ಸಂಖ್ಯೆ 'ಡ್ಯುರೇಷನ್'. ಆ್ಯಗ್‌ನದು ಸುಮಾರು 6 ವರ್ಷ. ಬಡ್ಡಿ ದರ ಶೇ. 1ರಷ್ಟು ಏರಿದರೆ ಫಂಡಿನ ಬೆಲೆ ಸುಮಾರು ಶೇ. 6 ಇಳಿಯುತ್ತದೆ, ದರ ಇಳಿದರೆ ಅಷ್ಟೇ ಏರುತ್ತದೆ.

ಇನ್ನೊಂದು ಸುಲಭ ಲೆಕ್ಕ ಹೇಳುತ್ತೇನೆ: ಯೀಲ್ಡನ್ನು ಡ್ಯುರೇಷನ್ನಿನಿಂದ ಭಾಗಿಸಿ. 2021ರ ಕೊನೆಯಲ್ಲಿ ಆ್ಯಗ್ ಯೀಲ್ಡ್ ಶೇ. 1.75ರಷ್ಟಿತ್ತು. ಅಂದರೆ ದರ ಶೇ. 0.3ರಷ್ಟು ಏರಿದರೂ ಸಾಕು, ವರ್ಷದ ಬಡ್ಡಿಯೆಲ್ಲ ನೀರಲ್ಲಿ ಹೋಮ. 2022ರಲ್ಲಿ ಫೆಡ್ ತನ್ನ ದರವನ್ನು ಸೊನ್ನೆಯ ಹತ್ತಿರದಿಂದ ಶೇ. 4.25–4.50ಕ್ಕೆ ಏರಿಸಿತು. ಆ್ಯಗ್ ಶೇ. 13 ಕುಸಿಯಿತು. ಅದಕ್ಕೆ ಮೊದಲು ಅದರ ಅತಿ ಕೆಟ್ಟ ವರ್ಷವಾಗಿದ್ದ 1994ರಲ್ಲಿ ಇಳಿದದ್ದು ಶೇ. 3ರಷ್ಟು ಮಾತ್ರ. ನನ್ನ ಗೆಳೆಯರ ದುಡ್ಡು ಹೋದದ್ದು ಇಲ್ಲಿ. ಯಾರೂ ಮೋಸ ಮಾಡಲಿಲ್ಲ. ಕಡಿಮೆ ಬಡ್ಡಿಯ ಹಳೆ ಬಾಂಡಿಗೆ ಹೊಸ ಮಾರುಕಟ್ಟೆಯಲ್ಲಿ ಬೆಲೆ ಕಡಿಮೆಯಾಯಿತು, ಅಷ್ಟೆ.

ಕಾಯುವವರಿಗೆ ಏನಾಗುತ್ತದೆ?

ಒಂದು ಉದಾಹರಣೆ. 10,000 ಡಾಲರ್, ಯೀಲ್ಡ್ ಶೇ. 4.5, ಡ್ಯುರೇಷನ್ 6. ಹಾಕಿದ ಮರುದಿನವೇ ದರ ಶೇ. 1 ಏರಿ 5.5 ಆಯಿತು ಅನ್ನಿ. ಹಣ 9,400ಕ್ಕೆ ಇಳಿಯುತ್ತದೆ, ಆದರೆ ಮುಂದೆ ಬೆಳೆಯುವುದು ಶೇ. 5.5ರಂತೆ.

- 2 ವರ್ಷಕ್ಕೆ: ದರ ಏರದಿದ್ದರೆ 10,920, ಏರಿದರೆ 10,462
- 6 ವರ್ಷಕ್ಕೆ: ಏರದಿದ್ದರೆ 13,023, ಏರಿದರೆ 12,961
- 7 ವರ್ಷಕ್ಕೆ: ಏರದಿದ್ದರೆ 13,609, ಏರಿದರೆ 13,674

ಡ್ಯುರೇಷನ್ನಿನಷ್ಟು ವರ್ಷ ಕಾದವರಿಗೆ ಏರಿಕೆಯ ಪೆಟ್ಟು ಬಹುತೇಕ ಮಾಯ. ಅದನ್ನೂ ದಾಟಿ ಕಾದವರಿಗೆ ಏರಿಕೆಯೇ ಲಾಭ. ಎರಡು ವರ್ಷದಲ್ಲಿ ಹಣ ಬೇಕಾದವರಿಗೆ ಮಾತ್ರ ನಷ್ಟ ನಿಜವಾದದ್ದು. ಫಂಡ್ ಒಂದೇ, ಏರಿಕೆಯೂ ಒಂದೇ. ಫಲಿತಾಂಶ ಬೇರೆಯಾಗುವುದು ನಿಮ್ಮ ಕ್ಯಾಲೆಂಡರಿನಿಂದ.

ಯಾವ ಫಂಡ್, ಎಲ್ಲಿ ಇಡಬೇಕು?

ಫಂಡ್ ಆರಿಸುವುದು ಇಡೀ ವಿಷಯದಲ್ಲೇ ಸುಲಭದ ಕೆಲಸ. ವ್ಯಾನ್‌ಗಾರ್ಡ್‌ನ ಬಿಎನ್‌ಡಿ, ಐಶೇರ್ಸ್‌ನ ಎಜಿಜಿ ಎರಡರ ಖರ್ಚೂ ವರ್ಷಕ್ಕೆ ಶೇ. 0.03, ಅಂದರೆ 10,000ಕ್ಕೆ ಮೂರು ಡಾಲರ್. ಪಟ್ಟಿಯ ಎಷ್ಟೋ ಬಾಂಡುಗಳು ದಿನಗಟ್ಟಲೆ ಕೈ ಬದಲಾಗುವುದೇ ಇಲ್ಲ, ಹಾಗಾಗಿ ಎಲ್ಲವನ್ನೂ ಕೊಳ್ಳುವುದು ಕಷ್ಟ. ಇಂಥ ಫಂಡುಗಳು ಸಾವಿರಾರು ಬಾಂಡುಗಳ ಮಾದರಿ ಇಟ್ಟುಕೊಂಡು ಡ್ಯುರೇಷನ್, ರೇಟಿಂಗ್, ವಿಭಾಗಗಳ ಪ್ರಮಾಣವನ್ನು ಇಂಡೆಕ್ಸಿಗೆ ಹೊಂದಿಸುತ್ತವೆ. ಅಕ್ಕಿ ಬೆಂದಿದೆಯೇ ಎಂದು ನೋಡಲು ಇಡೀ ಪಾತ್ರೆ ಹಿಚುಕಬೇಕಿಲ್ಲವಲ್ಲ!

ಬಡ್ಡಿಗೆ ಸಂಬಳದ ಹಾಗೆಯೇ ಪೂರ್ತಿ ಆದಾಯ ತೆರಿಗೆ ಬೀಳುವುದರಿಂದ ನಾನು ಇದನ್ನು 401ಕೆ ಒಳಗೇ ಇಡುತ್ತೇನೆ. ಊರಿನ ಎನ್‌ಆರ್‌ಇ ಎಫ್‌ಡಿಗೆ ಇದನ್ನು ಹೋಲಿಸುವವರು ಎರಡು ವಿಷಯ ನೆನಪಿಡಿ: ಆ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲದಿದ್ದರೂ ಇಲ್ಲಿ ಇದೆ, ಜೊತೆಗೆ ರೂಪಾಯಿ ಕುಸಿದರೆ ಡಾಲರ್ ಲೆಕ್ಕದಲ್ಲಿ ಅಸಲೂ ಕುಸಿಯುತ್ತದೆ. ಬೆಂಗಳೂರಿಗೆ ಮರಳುವವರಿಗೆ ಇದೇ ಮಾತು ತಿರುಗಾಮುರುಗಾ: ಆ್ಯಗ್ ಪೂರ್ತಿ ಡಾಲರ್, ನಿಮ್ಮ ಮುಂದಿನ ಖರ್ಚು ರೂಪಾಯಿ.

ಹಾಗಾದರೆ ಬಾಂಡ್ ಏಕೆ ಬೇಕು? 2008ರಲ್ಲಿ ಎಸ್ ಅಂಡ್ ಪಿ 500 ಶೇ. 37 ಬಿದ್ದಾಗ ಆ್ಯಗ್ ಶೇ. 5ಕ್ಕೂ ಹೆಚ್ಚು ಏರಿತ್ತು. ಎಚ್-1ಬಿ ಮೇಲಿರುವವರಿಗೆ ಷೇರು ಬೀಳುವುದು, ಕೆಲಸ ಹೋಗುವುದು ಒಟ್ಟಿಗೇ ಬರಬಹುದು. ಆಗ ಆಸರೆ ಬೇಕು. 2022ರಲ್ಲಿ ಎರಡೂ ಒಟ್ಟಿಗೆ ಬಿದ್ದವು, ನಿಜ. ಷೇರು ಬೀಳಲು ಕಾರಣ ಆರ್ಥಿಕ ಕುಸಿತವಾದರೆ ಬಾಂಡ್ ಕೈ ಹಿಡಿಯುವುದೇ ಹೆಚ್ಚು. ಕಾರಣ ಹಣದುಬ್ಬರವಾದರೆ ಎರಡಕ್ಕೂ ಏಟು.

ನಾನು ಸಲಹೆಗಾರನಲ್ಲ, ನನ್ನ ಹಣಕ್ಕೆ ನಾನು ಇಟ್ಟುಕೊಂಡ ನಿಯಮ ಇಷ್ಟು. ಮೂರು ವರ್ಷದೊಳಗೆ ಬೇಕಾದ ಹಣ ಸಿಡಿ, ಟ್ರೆಷರಿ ಬಿಲ್ ಅಥವಾ ಮನಿ ಮಾರ್ಕೆಟ್‌ನಲ್ಲಿ. ಆರೇಳು ವರ್ಷ ಮುಟ್ಟದ ಹಣಕ್ಕೆ ಟೋಟಲ್ ಬಾಂಡ್ ಫಂಡ್. ನಡುವಿನದಕ್ಕೆ ಎರಡು–ಮೂರು ವರ್ಷ ಡ್ಯುರೇಷನ್ನಿನ ಶಾರ್ಟ್ ಟರ್ಮ್ ಫಂಡ್. ಈ ವಾರ ಹತ್ತು ನಿಮಿಷ ಬಿಡುವು ಮಾಡಿಕೊಂಡು ನಿಮ್ಮ ಫಂಡಿನ ಪುಟ ತೆರೆಯಿರಿ. ಎಸ್‌ಇಸಿ ಯೀಲ್ಡ್ ಮತ್ತು ಡ್ಯುರೇಷನ್ ಎರಡನ್ನೂ ಬರೆದುಕೊಳ್ಳಿ. ಅದರ ಪಕ್ಕದಲ್ಲಿ ಆ ಹಣ ಯಾವ ವರ್ಷಕ್ಕೆ ಬೇಕು ಎಂದೂ ಬರೆಯಿರಿ.