ದಿನಾಂಕ ಕೋಷ್ಟಕ

ದಿನಾಂಕ ಕೋಷ್ಟಕವು ದತ್ತಾಂಶ ಡ್ಯಾಶ್‌ಬೋರ್ಡ್‌ನಲ್ಲಿ ಹಲವು ಕೋಷ್ಟಕಗಳನ್ನು ಒಂದೇ ಕಾಲಾವಧಿಗೆ ಅನುಗುಣವಾಗಿ ಸೋಸಲು ಬಳಸುವ ಪ್ರತ್ಯೇಕ ಕೋಷ್ಟಕವಾಗಿದೆ. ಇದರಲ್ಲಿ ಪ್ರತಿ ದಿನಕ್ಕೆ ಒಂದೇ ಸಾಲು ಇದ್ದು, ಆ ದಿನದ ತಿಂಗಳು, ತ್ರೈಮಾಸಿಕ, ವರ್ಷ ಮೊದಲಾದ ವಿವರಗಳು ಕಾಲಮ್‌ಗಳಲ್ಲಿರುತ್ತವೆ. ಮೈಕ್ರೋಸಾಫ್ಟ್ ಸಂಸ್ಥೆಯು 2015ರಲ್ಲಿ ಬಿಡುಗಡೆ ಮಾಡಿದ ಪವರ್ ಬಿಐ ತಂತ್ರಾಂಶದಲ್ಲಿ ಇದರ ಬಳಕೆ ಸಾಮಾನ್ಯವಾಗಿದೆ. ದಿನಾಂಕದ ಫಿಲ್ಟರ್ ಸರಿಯಾಗಿ ಕೆಲಸ ಮಾಡದಿದ್ದಾಗ ಅನೇಕ ವೇಳೆ ಯಾವುದೇ ದೋಷ ಸಂದೇಶ ಬರುವುದಿಲ್ಲ. ತಪ್ಪು ಮೊತ್ತವೇ ಸರಿಯಾದ ಮೊತ್ತದಂತೆ ಪರದೆಯ ಮೇಲೆ ಕಾಣುತ್ತದೆ. ಆದ್ದರಿಂದ ಲಕ್ಷಣಗಳ ಮೂಲಕ ಕಾರಣವನ್ನು ಗುರುತಿಸಬೇಕಾಗುತ್ತದೆ.

ಕಾರ್ಯವಿಧಾನ

ಮಾರಾಟ ಮತ್ತು ಖರೀದಿ ಎಂಬ ಎರಡು ಕೋಷ್ಟಕಗಳಿವೆ ಎಂದು ಭಾವಿಸಬಹುದು. ಎರಡರಲ್ಲಿಯೂ ಒಂದೇ ದಿನಾಂಕ ಹಲವು ಬಾರಿ ಬರುತ್ತದೆ. ದಿನಾಂಕ ಕೋಷ್ಟಕವನ್ನು ಇವೆರಡಕ್ಕೂ 'ಒಂದಕ್ಕೆ ಹಲವು' ಸಂಬಂಧದಿಂದ ಜೋಡಿಸಲಾಗುತ್ತದೆ. ಸಾಮಾನ್ಯವಾಗಿ ಫಿಲ್ಟರ್ 'ಒಂದು' ಇರುವ ಕಡೆಯಿಂದ 'ಹಲವು' ಇರುವ ಕಡೆಗೆ ಮಾತ್ರ ಸಾಗುತ್ತದೆ. ಹೀಗಾಗಿ ದಿನಾಂಕ ಕೋಷ್ಟಕದ ತಿಂಗಳನ್ನು ಆಯ್ದರೆ ಎರಡೂ ಕೋಷ್ಟಕಗಳು ಸೋಸಲ್ಪಡುತ್ತವೆ. ಮಾರಾಟ ಕೋಷ್ಟಕದ ದಿನಾಂಕವನ್ನು ಆಯ್ದರೆ ಖರೀದಿಯ ಮೊತ್ತ ಬದಲಾಗದೆ ಉಳಿಯುತ್ತದೆ.

ದಿನಾಂಕ ಕೋಷ್ಟಕವಾಗಿ ಗುರುತಿಸುವ ಕಾಲಮ್‌ನಲ್ಲಿ ಖಾಲಿ ಮೌಲ್ಯಗಳಾಗಲಿ, ಪುನರಾವರ್ತನೆಯಾಗಲಿ ಇರಬಾರದು. ನಡುವೆ ಯಾವ ದಿನವೂ ಬಿಟ್ಟುಹೋಗಿರಬಾರದು.

ಲಕ್ಷಣಗಳು ಮತ್ತು ಕಾರಣಗಳು

* ಪ್ರತಿ ತಿಂಗಳಿಗೂ ಒಂದೇ ಮೊತ್ತ: ಫಿಲ್ಟರ್ ಆ ಕೋಷ್ಟಕವನ್ನು ತಲುಪುತ್ತಿಲ್ಲ. ಸಂಬಂಧವೇ ಇಲ್ಲದಿರಬಹುದು, ಇಲ್ಲವೇ ಬೇರೊಂದು ಕೋಷ್ಟಕದ ದಿನಾಂಕವನ್ನು ಬಳಸಿರಬಹುದು.
* ಹೆಸರಿಲ್ಲದ ಸಾಲಿನಲ್ಲಿ ಮೊತ್ತ: ದಿನಾಂಕದೊಡನೆ ವೇಳೆಯೂ ಸೇರಿರಬಹುದು. ಪವರ್ ಬಿಐ ದಿನಾಂಕವನ್ನು ಸಂಖ್ಯೆಯಾಗಿ ಸಂಗ್ರಹಿಸುತ್ತದೆ. ಪೂರ್ಣಾಂಕವು ದಿನವನ್ನೂ ದಶಮಾಂಶವು ವೇಳೆಯನ್ನೂ ಸೂಚಿಸುತ್ತದೆ. ಮಧ್ಯಾಹ್ನ 12 ಗಂಟೆಯ ದಾಖಲೆಯಲ್ಲಿ 0.5 ಹೆಚ್ಚಿಗೆ ಇರುವುದರಿಂದ ಅದು ದಿನಾಂಕ ಕೋಷ್ಟಕದ ಯಾವ ಸಾಲಿಗೂ ಹೊಂದುವುದಿಲ್ಲ. ದಾಖಲೆಯ ದಿನಾಂಕವು ಕೋಷ್ಟಕದ ವ್ಯಾಪ್ತಿಯ ಹೊರಗಿದ್ದರೂ ಹೀಗಾಗುತ್ತದೆ.
* ಬೇರೆ ತಿಂಗಳಿನಲ್ಲಿ ಮೊತ್ತ: ದಿನ ಮತ್ತು ತಿಂಗಳು ಅದಲುಬದಲಾಗಿರಬಹುದು. 03/04/2024 ಎಂಬುದು ಭಾರತದ ರೂಢಿಯಲ್ಲಿ ಏಪ್ರಿಲ್ 3, ಅಮೆರಿಕದ ರೂಢಿಯಲ್ಲಿ ಮಾರ್ಚ್ 4. ಆದೇಶದ ದಿನಾಂಕಕ್ಕೆ ಬದಲಾಗಿ ರವಾನೆಯ ದಿನಾಂಕದ ಸಂಬಂಧ ಸಕ್ರಿಯವಾಗಿರುವುದೂ ಕಾರಣವಾಗಬಹುದು. ಎರಡು ಕೋಷ್ಟಕಗಳ ನಡುವೆ ಒಂದು ಸಂಬಂಧ ಮಾತ್ರ ಸಕ್ರಿಯವಾಗಿರಬಲ್ಲದು; ಮತ್ತೊಂದನ್ನು ಡ್ಯಾಕ್ಸ್ ಭಾಷೆಯ 'ಯೂಸ್‌ರಿಲೇಶನ್‌ಶಿಪ್' ಫಂಕ್ಷನ್ ಮೂಲಕ ಬಳಸಬೇಕು.
* ಬೆಳಗಿನ ಜಾವ 'ಇಂದು' ಎಂಬಲ್ಲಿ ನಿನ್ನೆಯ ಅಂಕಿಗಳು: ಪವರ್ ಬಿಐನ ಆನ್‌ಲೈನ್ ಸೇವೆಯು ಯುಟಿಸಿ ಸಮಯವನ್ನು ಅನುಸರಿಸುತ್ತದೆ. ಭಾರತೀಯ ಸಮಯವು ಅದಕ್ಕಿಂತ 5 ಗಂಟೆ 30 ನಿಮಿಷ ಮುಂದಿದೆ.

ಪರಿಶೀಲನೆ

ಮೊದಲು ಒಂದೇ ಒಂದು ದಿನವನ್ನು ಆಯ್ದು, ಪ್ರತಿ ಕೋಷ್ಟಕದಲ್ಲಿ ಉಳಿಯುವ ಸಾಲುಗಳ ಸಂಖ್ಯೆಯನ್ನು ಮೂಲ ದಾಖಲೆಯೊಂದಿಗೆ ಹೋಲಿಸಲಾಗುತ್ತದೆ. ಅನಂತರ ತಿಂಗಳ ಕೊನೆಯ ದಿನಕ್ಕೆ ಇದೇ ಪರೀಕ್ಷೆಯನ್ನು ನಡೆಸಲಾಗುತ್ತದೆ. ವೇಳೆ ಸೇರಿದ ದಾಖಲೆಗಳು ಅವಧಿಯ ಅಂಚಿನಲ್ಲಿ ಬಿಟ್ಟುಹೋಗುವ ಸಾಧ್ಯತೆ ಹೆಚ್ಚು. ಎಲ್ಲ ತಿಂಗಳುಗಳ ಮೊತ್ತವನ್ನು ಕೂಡಿದಾಗ ಒಟ್ಟು ಮೊತ್ತಕ್ಕೆ ಸರಿಹೊಂದಿದರೂ, ಅವು ಸರಿಯಾದ ತಿಂಗಳುಗಳಲ್ಲಿಯೇ ಇವೆ ಎಂಬುದು ಅದರಿಂದ ಖಚಿತವಾಗುವುದಿಲ್ಲ.